ಎಣ್ಣೆ ಹೊಯ್ಯುವುದು ದುರಸ್ತಿಯಲ್ಲ

ಬೋರಿವಲಿ ಪಶ್ಚಿಮದ ಜೆಟ್ಟಿಯಿಂದ ಗೊರಾಯಿ ಹಳ್ಳಿಗೆ ಖಾಡಿ ದಾಟಿಸುವ ಫೆರಿಯಲ್ಲಿ ಕುಳಿತವರು ಸಾಮಾನ್ಯವಾಗಿ ನೋಡುವುದು ದಡದ ಕಾಂಡ್ಲಾ ಕಾಡನ್ನು, ಆಚೆ ಹೊಳೆಯುವ ವಿಪಶ್ಯನಾ ಪಗೋಡಾದ ಚಿನ್ನದ ಬಣ್ಣದ ಶಿಖರವನ್ನು. ದಹಿಸರಿನಲ್ಲಿ ನೆಲೆಸಿ ಹದಿನೆಂಟು ವರ್ಷವಾದರೂ ನಾವು ನೋಡುತ್ತ ಬಂದದ್ದು ಅವನ್ನೇ. ಈಚೆಗೆ ಮಾತ್ರ ನಮ್ಮ ಕಣ್ಣು ದೋಣಿ ದಡ ಸೇರುವ ಕೊನೆಯ ಅರ್ಧ ನಿಮಿಷದ ಮೇಲೆ ನೆಡುತ್ತಿದೆ. ದೋಣಿಗೆ ಬ್ರೇಕ್ ಇಲ್ಲ. ಚುಕ್ಕಾಣಿ ಹಿಡಿದವನು ಲಿವರನ್ನು ಮುಂದಿನಿಂದ ನಡುವಿಗೆ ತಂದು, ಒಂದು ಉಸಿರು ತಡೆದು, ಹಿಂದಕ್ಕೆ ಎಳೆಯುತ್ತಾನೆ. ನೀರಿನಡಿಯ ಪ್ರೊಪೆಲ್ಲರ್ ವಿರುದ್ಧ ದಿಕ್ಕಿಗೆ ತಿರುಗಿ ನೊರೆ ಎಬ್ಬಿಸುತ್ತದೆ. ಅಷ್ಟು ಜನರ, ಅವರ ಸ್ಕೂಟರುಗಳ, ಮೀನಿನ ಬುಟ್ಟಿಗಳ ಭಾರವೆಲ್ಲ ಕಲ್ಲಿನ ಮೆಟ್ಟಿಲಿಗೆ ಮೆಲ್ಲನೆ ತಾಗಿ ನಿಲ್ಲುತ್ತದೆ. ಇಷ್ಟರಲ್ಲಿ ಎಂಜಿನ್ ತಿರುಗುವ ದಿಕ್ಕು ಒಮ್ಮೆಯೂ ಬದಲಾಗಿರುವುದಿಲ್ಲ. ದಿಕ್ಕು ಬದಲಿಸುವುದು ಅದರ ಬೆನ್ನಿಗೆ ಬೋಲ್ಟುಗಳಿಂದ ಕೂಡಿಸಿದ ಕಬ್ಬಿಣದ ಪೆಟ್ಟಿಗೆ, ಗೇರ್‌ಬಾಕ್ಸ್. ಅದರ ಹೊಟ್ಟೆಯಲ್ಲಿ ಎಣ್ಣೆ ಇರುವ ತನಕ ದೋಣಿಗೆ ಹಿಂದುಂಟು, ಮುಂದುಂಟು. ಎಣ್ಣೆ ತೀರಿದರೆ ಹಿಂದೆಮುಂದೆ ಎರಡೂ ಇಲ್ಲ.

ಈ ಹೊಸ ಜ್ಞಾನ ನಮಗೆ ಬಂದದ್ದು ಪುಸ್ತಕದಿಂದಲ್ಲ. ಇಂಗ್ಲಿಷ್ ಎಂ.ಎ. ಮಾಡಿ, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನಮಗೆ ಬೋಲ್ಟಿಗೂ ಸ್ಕ್ರೂವಿಗೂ ಇರುವ ವ್ಯತ್ಯಾಸವೇ ಮಸಕಾಗಿತ್ತು. ಕಳೆದ ಮಳೆಗಾಲದ ಕೆಲವು ಭಾನುವಾರಗಳನ್ನು ಗೊರಾಯಿಯ ಕೆಸರಿನಲ್ಲಿ, ಒಬ್ಬ ಹಿರಿಯರ ಕೈಗೆ ಸ್ಪಾನರ್ ಕೊಡುತ್ತ ಕಳೆದ ಮೇಲೆ ಒಂದು ಅಭಿಪ್ರಾಯ ನಮ್ಮಲ್ಲಿ ಗಟ್ಟಿಯಾಗಿದೆ. ಸೋರುವುದಕ್ಕೆ ಎಣ್ಣೆ ಹೊಯ್ಯುತ್ತ ಹೋಗುವುದನ್ನು ನಾವು ದುರಸ್ತಿ ಎಂದು ಕರೆದುಕೊಂಡಿದ್ದೇವೆ. ಅದು ದುರಸ್ತಿಯಲ್ಲದಿರುವುದಷ್ಟೇ ಅಲ್ಲ, ಸೋರಿಕೆಗೆ ಮೇವು. ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಹಿರಿಯರ ಹೆಸರು ಬೇಡ. ದಹಿಸರಿನ ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಅವರು ಸಾರಂಗ ಮಾಮ. ಸಾರಂಗವೆಂದರೆ ಜಿಂಕೆ ಎಂದುಕೊಂಡರೆ, ಅವರ ನಿಧಾನದ ನಡಿಗೆ ಕಂಡವರಿಗೆ ನಗು ಬಂದೀತು. ಈ ಸಾರಂಗ ಪಾರಸಿಯ ‘ಸರ್‌ಹಂಗ್’ ಎಂಬ ಪದದಿಂದ ಬಂದದ್ದು. ಹಡಗಿನ ಆಳುಗಳ ಮೇಲ್ವಿಚಾರಕ, ಸೆರಾಂಗ್. ಗಂಗೊಳ್ಳಿಯ ಮೊಗವೀರ ಮನೆತನದವರು. ತಂದೆ ಮಂಜಿಯಲ್ಲಿ, ಅಂದರೆ ಸರಕಿನ ಹಾಯಿಹಡಗಿನಲ್ಲಿ, ಮಂಗಳೂರು ಹೆಂಚು ಹೇರಿಕೊಂಡು ಮುಂಬಯಿಗೆ ಬಂದುಹೋಗುತ್ತಿದ್ದರಂತೆ. ಮಗ ಇಲ್ಲಿಯೇ ಉಳಿದು, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಮೂವತ್ತೈದು ವರ್ಷ ದುಡಿದು ಸೆರಾಂಗ್ ಆಗಿ ನಿವೃತ್ತರಾದರು. ಈಗ ಎಪ್ಪತ್ತಾರು. ಮೊಣಕಾಲು ನೋವು ಕಾಡುತ್ತಿದೆ. ಗೊರಾಯಿಗೆ ಹೋಗುವುದು ಮಗನಿಗೆ ಇಷ್ಟವಿಲ್ಲ. ಆದರೆ ಜೂನ್ ಬಂದರೆ ಅವರನ್ನು ತಡೆಯುವವರಿಲ್ಲ.

ಜೂನ್‌ಗೆ ಕಾರಣವಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿಯಿಡಲೆಂದು ಮಾಡಿದ ಈ ರಜೆ ದೋಣಿಗಳ ಪಾಲಿಗೆ ಆಸ್ಪತ್ರೆಯ ದಿನ. ಮಲ್ಪೆ, ಗಂಗೊಳ್ಳಿಗಳಲ್ಲಿ ಕಾಣುವ ನೋಟವೇ ಗೊರಾಯಿ, ಮನೋರಿ, ಉತ್ತನಗಳಲ್ಲಿಯೂ. ದೋಣಿಗಳು ದಡವೇರಿ, ನೀಲಿ ತಾಡಪತ್ರಿ ಹೊದ್ದು ಕುಳಿತಿರುತ್ತವೆ. ಅವುಗಳೊಳಗಿಂದ ಸುತ್ತಿಗೆಯ ಸದ್ದು.

ನಾವು ಹೇಳುತ್ತಿರುವ ದೋಣಿ ಗೊರಾಯಿಯ ಮೀನುಗಾರರೊಬ್ಬರದು. ಅವರ ಅಜ್ಜನ ಕಾಲದಲ್ಲಿ ಹಾಯಿಯ ಮೇಲೆ ನಡೆಯುತ್ತಿದ್ದ ಕುಟುಂಬ. ಈಗ ಮರದ ಸಣ್ಣ ದೋಣಿ, ಮೂರು ಸಿಲಿಂಡರಿನ ಡೀಸೆಲ್ ಎಂಜಿನ್. ಗೇರ್‌ಬಾಕ್ಸಿನ ಹಿಂಭಾಗದಲ್ಲಿ, ಪ್ರೊಪೆಲ್ಲರಿನ ಶಾಫ್ಟ್ ಕೂಡುವ ಕಡೆ, ಎಣ್ಣೆ ಜಿನುಗುತ್ತಿತ್ತು. ಎರಡು ವರ್ಷದಲ್ಲಿ ಮೂರು ಸಲ ಸೀಲ್ ಬದಲಿಸಿಯಾಗಿತ್ತು. ಪ್ರತಿಸಲವೂ ಕೆಲವು ತಿಂಗಳು ಒಣಗಿದ್ದು, ಮತ್ತೆ ಜಿನುಗು. ಕೊನೆಗೆ ದೋಣಿಯವರು ದಾರಿ ಕಂಡುಕೊಂಡಿದ್ದರು. ಎರಡು ದಿನಕ್ಕೊಮ್ಮೆ ಅರ್ಧ ಲೀಟರ್ ಎಣ್ಣೆ ಹೊಯ್ಯುವುದು, ಕೆಳಗೆ ಕಟ್ಟಿಕೊಂಡದ್ದನ್ನು ಪಂಪು ಮಾಡಿ ಹೊರಚೆಲ್ಲುವುದು. ಅದು ಎಲ್ಲಿಗೆ ಹೋಗುತ್ತದೆ? ಖಾಡಿಗೆ. ಖಾಡಿಯ ಕಾಂಡ್ಲಾ ಬೇರಿಗೆ. ಮೀನು ಮೊಟ್ಟೆಯಿಡುವ ಅದೇ ಬೇರಿಗೆ.

ದುರಸ್ತಿಯ ಅಂಗಡಿಯೊಂದರವರು ಕೊಟ್ಟ ಸಲಹೆ ಇನ್ನೂ ಸರಳ. ಗೇರ್‌ಬಾಕ್ಸ್ ಹಳೆಯದಾಯಿತು, ಹೊಸದು ಕೂಡಿಸಿ. ಅದಕ್ಕೆ ಬೇಕಾದ ಹಣ ದೋಣಿಯವರ ಒಂದು ಋತುವಿನ ಉಳಿತಾಯಕ್ಕಿಂತ ಹೆಚ್ಚು.

ಸರಕಾರಿ ಕೆಲಸದಲ್ಲಿರುವ ಓದುಗರಿಗೆ ಈ ಎರಡು ದಾರಿಗಳೂ ಪರಿಚಿತ. ಒಂದಕ್ಕೆ ನಾವು ‘ತಾತ್ಕಾಲಿಕ ಕ್ರಮ’ ಎನ್ನುತ್ತೇವೆ. ಅದು ನಮ್ಮಲ್ಲಿ ಹದಿನೈದು ವರ್ಷವೂ ನಡೆಯಬಲ್ಲದು. ಇನ್ನೊಂದಕ್ಕೆ ‘ಬಿಯಾಂಡ್ ಇಕನಾಮಿಕಲ್ ರಿಪೇರ್’ ಎಂಬ ಗಂಭೀರ ನಾಮಧೇಯ. ವಸ್ತುವನ್ನು ನಿರುಪಯುಕ್ತವೆಂದು ಸಾರಿ ವಿಲೇವಾರಿ ಮಾಡುವ ಕ್ರಮ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ವಿವರವಾಗಿದೆ. ಎಷ್ಟೋ ಕುರ್ಚಿ, ಪಂಖ, ಮುದ್ರಣಯಂತ್ರಗಳ ಮೇಲೆ ನಾವೇ ಆ ಸಹಿ ಹಾಕಿದ್ದೇವೆ. ಅವುಗಳಲ್ಲಿ ಎಷ್ಟನ್ನು ಬಿಚ್ಚಿ ನೋಡಲಾಗಿತ್ತು ಎಂದು ಯಾರಾದರೂ ಕೇಳಿದ್ದರೆ ಉತ್ತರಿಸುವುದು ಕಷ್ಟವಾಗುತ್ತಿತ್ತು. ತಾತ್ಕಾಲಿಕ ಕ್ರಮಕ್ಕೂ ವಿಲೇವಾರಿಗೂ ನಡುವೆ ಬಿಚ್ಚಿ ನೋಡುವುದು ಎಂಬ ಮೂರನೆಯ ದಾರಿಯೊಂದಿದೆ. ಅದಕ್ಕೆ ನಮೂನೆಯಿಲ್ಲ, ಕಾಲಂ ಇಲ್ಲ.

ಸಾರಂಗ ಮಾಮ ಮೊದಲ ಭಾನುವಾರ ಏನನ್ನೂ ಬಿಚ್ಚಲಿಲ್ಲ. ಒಂದು ಗಂಟೆ ಸುಮ್ಮನೆ ಕುಳಿತು ನೋಡಿದರು. ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಬಣ್ಣ ಕಂಡರು. ಹಾಲು ಬೆರೆತ ಚಹಾದ ಹಾಗಿದ್ದರೆ ಕೂಲರಿನ ಕೊಳವೆ ತೂತಾಗಿ ಉಪ್ಪುನೀರು ಒಳಹೊಕ್ಕಿದೆ ಎಂದರ್ಥ, ಇದು ತಿಳಿಯಾಗಿತ್ತು. ಮೂಸಿ ನೋಡಿದರು. ಕ್ಲಚ್ಚಿನ ಪ್ಲೇಟುಗಳು ಸುಟ್ಟಿದ್ದರೆ ಎಣ್ಣೆಗೆ ಕಮಟು ವಾಸನೆ ಬರುತ್ತದಂತೆ, ಅದಿರಲಿಲ್ಲ. ಪೆಟ್ಟಿಗೆಯ ನೆತ್ತಿಯ ಮೇಲಿನ ಉಸಿರಾಟದ ಸಣ್ಣ ತೂತನ್ನು ತಂತಿಯಿಂದ ಪರೀಕ್ಷಿಸಿದರು. ಎಷ್ಟೋ ದೋಣಿಗಳಲ್ಲಿ ಬಣ್ಣ ಬಳಿಯುವ ಹುಡುಗರು ಆ ತೂತನ್ನೂ ಸೇರಿಸಿ ಬಳಿದುಬಿಡುತ್ತಾರೆ. ಆಗ ಬಿಸಿಯೇರಿದ ಪೆಟ್ಟಿಗೆಗೆ ಉಸಿರಾಡಲು ದಾರಿಯಿಲ್ಲದೆ, ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನ ತುಟಿಯಿಂದ ಹೊರದಬ್ಬುತ್ತದೆ. ಇಲ್ಲಿ ತೂತು ತೆರೆದೇ ಇತ್ತು. ದೋಣಿಯವರು ತಮ್ಮ ಅರ್ಧ ಲೀಟರಿನ ಕಥೆಯನ್ನು ಮರಾಠಿಯಲ್ಲಿ ಹೇಳಿ ಮುಗಿಸಿದಾಗ, ಮಾಮ ನಮ್ಮ ಕಡೆ ತಿರುಗಿ ಕುಂದಗನ್ನಡದಲ್ಲಿ ಅಂದರು: “ಎಣ್ಣೆ ಹೊಯ್ದ್ರೆ ಸೋರುದ್ ನಿಲ್ತಾ ಮಾರಾಯ್ರೆ? ಎಂತಕ್ಕೆ ಸೋರುದ್ ಅಂದ್ ಕಾಣ್ಕ್.”

ಕಾಣಬೇಕಾದರೆ ಗೇರ್‌ಬಾಕ್ಸ್ ಹೊರಬರಬೇಕು. ಸೋರುವ ವಸ್ತು ಬೆರಳಗಲದ ರಬ್ಬರಿನ ಉಂಗುರ, ಬೆಲೆ ಕೆಲವು ನೂರು ರೂಪಾಯಿ. ಅದನ್ನು ಮುಟ್ಟಲು ಹಿಡಿಯುವ ಶ್ರಮ ಎರಡು ಭಾನುವಾರ. ಈ ವಿಷಮ ಅನುಪಾತವೇ ಎಲ್ಲರನ್ನೂ ಡಬ್ಬಿಯ ಎಣ್ಣೆಯ ಕಡೆಗೆ ತಳ್ಳುತ್ತದೆ.

ಮೊದಲು ಬ್ಯಾಟರಿಯ ತಂತಿ ಬಿಡಿಸಿದರು. ಎಣ್ಣೆ ಖಾಲಿ ಮಾಡಿದ್ದು ಖಾಡಿಗಲ್ಲ, ಡಬ್ಬಕ್ಕೆ. ಗೇರ್‌ಬಾಕ್ಸಿನ ಹಿಂದಿನ ಚಕ್ರಾಕಾರದ ಫ್ಲ್ಯಾಂಜಿಗೂ ಶಾಫ್ಟಿನ ಫ್ಲ್ಯಾಂಜಿಗೂ ಸೇರಿಸಿ ಚಾಣದಿಂದ ಒಂದು ಗೆರೆ ಕೊರೆದರು. ಹಿಂದೆ ಕೂಡಿಸುವಾಗ ಅದೇ ಬೋಲ್ಟು ಅದೇ ತೂತಿಗೆ ಬರಬೇಕಲ್ಲ. ಬೋಲ್ಟು ಬಿಚ್ಚಿ ಶಾಫ್ಟನ್ನು ಕೈಯಗಲ ಹಿಂದಕ್ಕೆ ಸರಿಸಿದರು. ದೋಣಿ ನೀರಿನಲ್ಲಿದ್ದಾಗ ಈ ಕೆಲಸ ಮಾಡುವವರು ಶಾಫ್ಟಿಗೆ ಕ್ಲ್ಯಾಂಪ್ ಹಾಕದಿದ್ದರೆ, ಅದು ಹಿಂದಕ್ಕೆ ಜಾರಿ ಹೊರಗೆ ಬಿದ್ದು, ತೂತಿನಿಂದ ಸಮುದ್ರ ಒಳಬರುತ್ತದೆ. ಕೆಸರಿನ ಮೇಲೆ ಆ ಭಯವಿಲ್ಲದಿದ್ದರೂ ಮಾಮ ಕ್ಲ್ಯಾಂಪ್ ಹಾಕಿದರು, ಅಭ್ಯಾಸ. ಗೇರ್ ಬದಲಿಸುವ ಕೇಬಲ್, ಕೂಲರಿನ ಎರಡು ಕೊಳವೆಗಳು ಕಳಚಿದವು. ಎಂಜಿನ್ನಿನ ಹಿಂಭಾಗದ ಭಾರವನ್ನು ಈ ಪೆಟ್ಟಿಗೆಯ ಕಾಲುಗಳೇ ಹೊತ್ತಿರುವುದರಿಂದ ಅದನ್ನು ತೆಗೆಯುವ ಮೊದಲು ಎಂಜಿನ್ನಿನ ಅಡಿಗೆ ಮರದ ತುಂಡುಗಳನ್ನು ಒಂದರ ಮೇಲೊಂದು ಕೊಟ್ಟರು.

ಆಮೇಲೆ ಮೂರು ಬಿದಿರ ಕಂಬ ಕಟ್ಟಿ ಚೈನ್ ಪುಲ್ಲಿ ಇಳಿಬಿಟ್ಟದ್ದು; ಮುಂಬಯಿಯ ಮಿಸ್ತ್ರಿಗಳ ಬಾಯಲ್ಲಿ ಅದು ‘ಚೈನ್ ಕುಪ್ಪಿ’. ಪೆಟ್ಟಿಗೆ ಐವತ್ತು ಕಿಲೋಗೆ ಕಡಿಮೆಯಿರಲಿಲ್ಲ. ಬೋಲ್ಟುಗಳೆಲ್ಲ ಬಿಚ್ಚಿದ ಮೇಲೂ ಅದನ್ನು ಸೊಟ್ಟಗೆ ಎಳೆಯುವಂತಿಲ್ಲ, ಭಾರವನ್ನು ಹಲ್ಲಿನ ಶಾಫ್ಟಿನ ಮೇಲೆ ತೂಗಬಿಡುವಂತಿಲ್ಲ. ನೇರ ಹಿಂದಕ್ಕೆ, ಗೆರೆ ಎಳೆದಂತೆ. ಹೊರಗೆ ಮಳೆ, ಒಳಗೆ ತಾಡಪತ್ರಿಯಡಿ ಧಗೆ. ಕಚೇರಿಯಲ್ಲಿ ನಲವತ್ತು ಪುಟದ ಟಿಪ್ಪಣಿಯನ್ನು ಒಂದೇ ಸಿಟ್ಟಿಂಗಿನಲ್ಲಿ ಬರೆದ ಹೆಮ್ಮೆ ನಮಗಿತ್ತು. ಆ ಪೆಟ್ಟಿಗೆ ನಾಲ್ಕು ಅಂಗುಲ ಸರಿಯಲು ಹಿಡಿದ ಮುಕ್ಕಾಲು ಗಂಟೆಯಲ್ಲಿ ಆ ಹೆಮ್ಮೆ ತಕ್ಕಮಟ್ಟಿಗೆ ಕರಗಿತು.

ಫ್ಲ್ಯಾಂಜನ್ನು ಸುತ್ತಿಗೆಯಿಂದ ಹೊಡೆದು ತೆಗೆಯುವವರೇ ಹೆಚ್ಚು. ಹಿಂದಿನ ಮೂರು ಸಲವೂ ಹಾಗೆಯೇ ಆಗಿತ್ತೆಂಬುದಕ್ಕೆ ಲೋಹದ ಮೇಲೆ ಗಾಯಗಳಿದ್ದವು. ಹೊಡೆತ ಫ್ಲ್ಯಾಂಜಿಗೆ ಬಿದ್ದರೂ ನೋವು ಒಳಗಿನ ಬೇರಿಂಗಿಗೆ. ನೆನಪಿಡಬೇಕಾದ್ದೇನೆಂದರೆ, ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳಿದಾಗ ನೀರು ಅದನ್ನು ಮುಂದಕ್ಕೆ ತಳ್ಳುವ ಬಲವನ್ನೆಲ್ಲ ದೋಣಿಗೆ ಮುಟ್ಟಿಸುವುದು ಗೇರ್‌ಬಾಕ್ಸಿನೊಳಗಿನ ಬೇರಿಂಗೇ. ಮಾಮ ಪುಲ್ಲರ್ ಹಾಕಿ, ಅರ್ಧ ಸುತ್ತು ತಿರುಗಿಸಿ ಕಾದು, ಮತ್ತೆ ಅರ್ಧ ಸುತ್ತು ತಿರುಗಿಸಿ ಬಿಡಿಸಿದರು.

ಹಳೆಯ ಸೀಲಿನ ತುಟಿ ಒಂದು ಮಗ್ಗುಲಲ್ಲಿ ಮಾತ್ರ ಸವೆದಿತ್ತು. ಫ್ಲ್ಯಾಂಜಿನ ಕತ್ತಿನ ಸುತ್ತ, ಆ ತುಟಿ ಉಜ್ಜಿದ ಜಾಗದಲ್ಲಿ, ಉಗುರಿಗೆ ತಾಕುವ ಗೀರು. ಗೀರಿಗೆ ಉಪಾಯವಿದೆ. ಹೊಸ ಸೀಲನ್ನು ಎರಡು ಮಿಲಿಮೀಟರ್ ಕಡಿಮೆ ಆಳಕ್ಕೆ ಕೂಡಿಸಿದರೆ ತುಟಿ ಸವೆಯದ ನೆಲದ ಮೇಲೆ ಕೂರುತ್ತದೆ. ಆದರೆ ಒಂದೇ ಮಗ್ಗುಲು ಸವೆದದ್ದೇಕೆ? “ಸೀಲ್ ಪಾಪದ್ದ್. ಅದ್ರದ್ದ್ ಎಂತ ತಪ್ಪಿಲ್ಲೆ,” ಎಂದ ಮಾಮ ಎದ್ದು, ಎಂಜಿನ್ ಕುಳಿತಿದ್ದ ರಬ್ಬರ್ ಗಾದಿಗಳನ್ನು ಹೆಬ್ಬೆರಳಿನಿಂದ ಒತ್ತತೊಡಗಿದರು. ಮುಂದಿನ ಎರಡು ಗಟ್ಟಿಯಿದ್ದವು. ಹಿಂದಿನ ಎರಡು ನೆನೆದ ಇಡ್ಲಿಯಂತೆ ತಗ್ಗುತ್ತಿದ್ದವು.

ಇಲ್ಲಿ ಕಥೆ ತಲೆಕೆಳಗಾಗುತ್ತದೆ. ಸೋರಿದ ಎಣ್ಣೆ ಹಿಂದಿನ ಗಾದಿಗಳ ಮೇಲೆ ಬಿದ್ದು ಅವನ್ನು ಮೆತ್ತಗಾಗಿಸಿತ್ತು. ಮೆತ್ತಗಾದ ಗಾದಿಯ ಮೇಲೆ ಎಂಜಿನ್ನಿನ ಹಿಂಭಾಗ ಕೂದಲೆಳೆಯಷ್ಟು ಕುಸಿದಿತ್ತು. ಕುಸಿದದ್ದರಿಂದ ಗೇರ್‌ಬಾಕ್ಸಿನ ಫ್ಲ್ಯಾಂಜೂ ಶಾಫ್ಟಿನ ಫ್ಲ್ಯಾಂಜೂ ಮುಖಕ್ಕೆ ಮುಖ ಕೊಡುವುದನ್ನು ಬಿಟ್ಟು ಓರೆಯಾಗಿದ್ದವು. ಬಲವಂತವಾಗಿ ಬೋಲ್ಟು ಬಿಗಿದಾಗ ಪ್ರತಿ ಸುತ್ತಿಗೂ ಒಂದು ನಡುಕ. ನಡುಕಕ್ಕೆ ಸೀಲಿನ ಒಂದು ಮಗ್ಗುಲು ಸವೆತ. ಸವೆತಕ್ಕೆ ಇನ್ನಷ್ಟು ಸೋರಿಕೆ. ಸೋರಿಕೆ ಮತ್ತೆ ಗಾದಿಗೆ. ಡಬ್ಬಿಯಿಂದ ಹೊಯ್ದ ಒಂದೊಂದು ಅರ್ಧ ಲೀಟರೂ ಈ ಚಕ್ರಕ್ಕೆ ಸಲ್ಲಿಸಿದ ಸೇವೆ. ಮೂರು ಹೊಸ ಸೀಲುಗಳೂ ಬಲಿಯಾದದ್ದು ಅವುಗಳ ತಪ್ಪಿಲ್ಲದೆ. ಹೊಸ ಗೇರ್‌ಬಾಕ್ಸನ್ನೇ ತಂದು ಕೂಡಿಸಿದ್ದರೂ ಅದು ಆ ಮೆತ್ತನೆಯ ಗಾದಿಯ ಮೇಲೆಯೇ ಕುಳಿತು, ವರ್ಷದೊಳಗೆ ಸೋರುತ್ತಿತ್ತು.

ಎರಡೂ ರಬ್ಬರೇ, ಒಂದು ಎಣ್ಣೆಯಲ್ಲಿ ಬಾಳುತ್ತದೆ, ಇನ್ನೊಂದು ಎಣ್ಣೆಗೆ ಉಬ್ಬಿ ಹಾಳಾಗುತ್ತದೆ. ಸೀಲಿನದು ಸಾಮಾನ್ಯವಾಗಿ ನೈಟ್ರೈಲ್ ಎಂಬ ಸಂಶ್ಲೇಷಿತ ರಬ್ಬರು, ಗಾದಿಯದು ಹೆಚ್ಚಾಗಿ ಮರದ ಹಾಲಿನ ಸಹಜ ರಬ್ಬರು. ಇದನ್ನು ಓದಿ ತಿಳಿದಾಗ ನಮಗೆ ನೆನಪಾದವರು ಯಶವಂತ ಚಿತ್ತಾಲರು. ಇದೇ ಮುಂಬಯಿಯಲ್ಲಿ ‘ಶಿಕಾರಿ’ಯನ್ನು ಬರೆದ ಅವರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರು, ಬೇಕಲೈಟ್ ಹೈಲಂ ಸಂಸ್ಥೆಯಲ್ಲಿದ್ದವರು. ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಚಿತ್ತಾಲರ ಹನೇಹಳ್ಳಿಯ ಬಗ್ಗೆ ಎಷ್ಟೋ ಪ್ರಬಂಧಗಳು ಮಂಡನೆಯಾಗಿವೆ. ಅವರ ರಸಾಯನಶಾಸ್ತ್ರದ ಬಗ್ಗೆ ಒಂದನ್ನೂ ನಾವು ಕೇಳಿಲ್ಲ.

ಎಲ್ಲವನ್ನೂ ರಿಪೇರಿಯೇ ಮಾಡಬೇಕೆಂಬ ವ್ರತ ನಮ್ಮದಲ್ಲ. ಗೇರಿನ ಹಲ್ಲು ಸಿಪ್ಪೆಯೆದ್ದಿದ್ದರೆ, ಪೆಟ್ಟಿಗೆಯ ಮೈ ಬಿರಿದಿದ್ದರೆ, ಉಪ್ಪುನೀರು ತಿಂಗಳುಗಟ್ಟಲೆ ಬೇರಿಂಗನ್ನು ತಿಂದಿದ್ದರೆ ಮಾಮನೇ ಹೊಸದನ್ನು ತರಿಸುತ್ತಿದ್ದರು. ದೋಣಿಯವರ ಡಬ್ಬಿಗೂ ತರ್ಕವಿದೆ. ಋತುವಿನ ನಡುವೆ ದೋಣಿ ಒಂದು ವಾರ ನಿಂತರೆ ಐದು ಮನೆಗಳ ಒಲೆ ನಿಲ್ಲುತ್ತದೆ. ಎಣ್ಣೆ ಹೊಯ್ದು ದಿನ ದೂಡುವುದೇ ಆಗ ಜಾಣತನ. ನಮ್ಮ ತಕರಾರು ಇರುವುದು ಜೂನ್ ಬಂದ ಮೇಲೂ ಡಬ್ಬಿಯನ್ನೇ ಹಿಡಿದು ಕೂರುವುದರ ಬಗ್ಗೆ. ಎಣ್ಣೆ ತಗ್ಗಿದ ದಿನ ಗೇರ್‌ಬಾಕ್ಸಿನ ಒಳಗಿನ ಒತ್ತಡ ಇಳಿಯುತ್ತದೆ, ಕ್ಲಚ್ಚಿನ ಪ್ಲೇಟುಗಳು ಜಾರುತ್ತವೆ. ಜಾರಿದ ಪ್ಲೇಟು ಸುಡುತ್ತದೆ. ಆಗಸ್ಟಿನ ಮೊದಲ ವಾರ, ಸಮುದ್ರ ಇನ್ನೂ ಶಾಂತವಾಗದ ಹೊತ್ತಿನಲ್ಲಿ, ಖಾಡಿಯ ಬಾಯಲ್ಲಿ ಅಲೆ ಒಡೆಯುವ ಜಾಗದಲ್ಲಿ ಅದು ಸಂಭವಿಸಿದರೆ ಎಂಜಿನ್ ಗುಡುಗುತ್ತಲೇ ಇರುತ್ತದೆ, ದೋಣಿ ಮಾತ್ರ ಅಲೆ ಒಯ್ದತ್ತ ಹೋಗುತ್ತದೆ. ಅಜ್ಜನ ಕಾಲದಲ್ಲಿ ಆಗಲಾದರೂ ಒಂದು ಹಾಯಿ ಇರುತ್ತಿತ್ತು.

ಹಾಯಿಯ ಮಾತು ಬಂದದ್ದರಿಂದ ಒಂದು ಸಣ್ಣ ಸುತ್ತು. ನಮ್ಮ ನೌಕಾಯಾನದ ಕಡತಗಳಲ್ಲಿ ‘ಯಾಂತ್ರೀಕೃತ ಹಾಯಿಹಡಗು’ ಎಂಬ ವರ್ಗವೊಂದಿದೆ. ಹಾಯಿಯ ಹೆಸರು ಉಳಿಸಿಕೊಂಡು ಎಂಜಿನ್ನಿನಿಂದ ನಡೆಯುವ ಮರದ ಸರಕು ಹಡಗುಗಳು ಅದರಡಿ ಬರುತ್ತವೆ. ಮಾಮನ ತಂದೆಯ ಕಾಲದ ಮಂಜಿಗಳಿಗೂ ಕೊನೆಕೊನೆಗೆ ಎಂಜಿನ್ ಬಂತು. ಹಾಯಿಯೂ ಎಂಜಿನ್ನೂ ಒಟ್ಟಿಗೆ ಇರುವ ಹಡಗಿನಲ್ಲಿ ಗೇರ್‌ಬಾಕ್ಸಿಗೆ ಬೇರೊಂದು ಸಂಕಟ. ಎಂಜಿನ್ ಆರಿಸಿ ಗಾಳಿಯಲ್ಲಿ ಸಾಗುವಾಗ ನೀರಿನ ಹರಿವಿಗೆ ಪ್ರೊಪೆಲ್ಲರ್ ತಾನಾಗಿ ತಿರುಗುತ್ತದೆ. ಶಾಫ್ಟ್ ತಿರುಗುತ್ತಿದ್ದರೂ ಎಣ್ಣೆಯ ಪಂಪು ಎಂಜಿನ್ನಿಗೆ ಜೋಡಿಸಿದ್ದಾದರೆ ಅದು ನಿಂತಿರುತ್ತದೆ. ಗಂಟೆಗಟ್ಟಲೆ ಒಣ ತಿರುಗಾಟ. ಕೆಲವು ತಯಾರಕರ ಪೆಟ್ಟಿಗೆಗಳು ಇದನ್ನು ತಾಳುತ್ತವೆ, ಕೆಲವು ತಾಳುವುದಿಲ್ಲ. 2012ರ ನವೆಂಬರ್ 1ರಂದು ಇದೇ ಮುಂಬಯಿಯಿಂದ ಹೊರಟು ಒಬ್ಬರೇ, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮುಗಿಸಿದ ನೌಕಾಪಡೆಯ ಅಭಿಲಾಷ್ ಟೋಮಿಯವರ ಹಾಯಿದೋಣಿಯ ಹೆಸರು ‘ಮ್ಹಾದೇಯಿ’. ನಾವು ಮಹದಾಯಿ ಎಂದು ಜಗಳವಾಡುವ, ಖಾನಾಪುರದ ಕಾಡಿನಲ್ಲಿ ಹುಟ್ಟುವ ಅದೇ ನದಿ. ಜಗಳ ಬಿಟ್ಟು ನದಿಯ ಹೆಸರು ಭೂಮಿ ಸುತ್ತಿ ಬಂದದ್ದು ನಮಗೇನೋ ಸಂತೋಷವೇ.

ಮತ್ತೆ ಗೊರಾಯಿಗೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು; ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೂ ಬಂತು. ಕೊಂಡ ವಸ್ತುವಿನ ಕೈಪಿಡಿ, ಬಿಡಿಭಾಗ, ದುರಸ್ತಿಯ ಮಾಹಿತಿ ಕೊಂಡವನಿಗೆ ಸಿಗಬೇಕೆಂಬುದು ಆಶಯ. ಆಶಯವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆಯ್ದುಕೊಂಡ ವಲಯಗಳು ನಾಲ್ಕು: ಕೃಷಿ ಉಪಕರಣ, ಮೊಬೈಲು ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಯಂತ್ರಗಳು, ವಾಹನಗಳು. ರೈತನ ಟ್ರ್ಯಾಕ್ಟರಿಗೆ ಜಾಗ ಸಿಕ್ಕಿತು, ಮೀನುಗಾರನ ದೋಣಿಗೆ ಸಿಗಲಿಲ್ಲ. ಗೊರಾಯಿಯ ಈ ಗೇರ್‌ಬಾಕ್ಸಿನ ಕೈಪಿಡಿ ದೋಣಿಯವರ ಬಳಿ ಇರಲಿಲ್ಲ. ಸೀಲಿನ ಅಳತೆ ತಿಳಿದದ್ದು ಹಳೆಯ ಸೀಲಿನ ಮೈಮೇಲೆ ಅಚ್ಚಾಗಿದ್ದ ಮೂರು ಅಂಕಿಗಳಿಂದ. ಒಳವ್ಯಾಸ, ಹೊರವ್ಯಾಸ, ದಪ್ಪ. ಇಲಾಖೆಯ ಪಟ್ಟಿಗೆ ಐದನೆಯ ವಲಯವೊಂದು ಸೇರಿದರೆ 7,500 ಕಿಲೋಮೀಟರಿಗೂ ಮಿಗಿಲಾದ ಕರಾವಳಿಯಿರುವ ದೇಶಕ್ಕೆ ಅದು ದೊಡ್ಡ ಔದಾರ್ಯವೇನಲ್ಲ. ಇದನ್ನು ಹೇಳಲು ಸರಕಾರಿ ನೌಕರರಾದ ನಮಗೆ ಸಂಕೋಚವಿಲ್ಲ.

ಆದರೆ ಹಕ್ಕು ಬಂದರೂ ಕೈ ಬೇಕು. ಮಾಮನ ಬಳಿ ಒಂದು ನೋಟ್‌ಬುಕ್ ಇದೆ. ರೆಕ್ಸಿನ್ ರಟ್ಟಿನದು, ಎಣ್ಣೆಯ ಬೆರಳಚ್ಚುಗಳಿಂದ ಅಂಚೆಲ್ಲ ಕಪ್ಪಾದದ್ದು. ಹಡಗಿನ ಎಂಜಿನ್ ಕೋಣೆಯಲ್ಲಿ ಕಂಡದ್ದನ್ನು, ಕೇಳಿದ್ದನ್ನು, ತಪ್ಪಿದ್ದನ್ನು ಅವರು ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ರಾತ್ರಿ ಶಾಲೆಯ ದುಂಡು ಅಕ್ಷರ, ಪೆನ್ಸಿಲಿನ ಚಿತ್ರಗಳು. ಒಂದು ಪುಟದಲ್ಲಿ ತಂದೆಯಿಂದ ಕೇಳಿದ ಮಾತು: ಹಾಯಿ ಏರಿಸಿದಾಗ ಶಾಫ್ಟ್ ಕಟ್ಟು. ಇನ್ನೊಂದರಲ್ಲಿ: ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ ಕೂಡಿಸು, ಸ್ಪ್ರಿಂಗು ಎಣ್ಣೆಯ ಕಡೆಗೆ. ಅವರ ಮೊಮ್ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಜಾಣ, ವಿನಯವಂತ. ಮೊದಲ ದಿನದಿಂದ ನಮ್ಮೊಡನೆ ಕೆಸರಿಗೆ ಇಳಿದವನು. ಅವನಿಗೆ ಆ ನೋಟ್‌ಬುಕ್ಕಿನ ಒಂದಕ್ಷರವೂ ಓದಲು ಬರುವುದಿಲ್ಲ. ನಮಗೆ ಅಕ್ಷರಗಳೆಲ್ಲ ಬರುತ್ತವೆ, ಅರ್ಥ ಅರ್ಧವೂ ಆಗುವುದಿಲ್ಲ. ಆ ಭಾನುವಾರ ನಾವು ಓದಿ ಹೇಳುವುದು, ಅವನು ಅದನ್ನು ಯಂತ್ರದ ಮೇಲೆ ಗುರುತಿಸುವುದು, ಮಾಮ ಇಬ್ಬರನ್ನೂ ತಿದ್ದುವುದು, ಹೀಗೆ ಕಳೆಯಿತು.

ಅದನ್ನು ಬೆರಳಚ್ಚಿಸಿ ಪ್ರಕಟಿಸುವ ಮಾತು ಬಳಗದಲ್ಲಿ ಎತ್ತಿದಾಗ ಆತ್ಮೀಯರೊಬ್ಬರು ಭಾಷೆಯ ಪ್ರಶ್ನೆ ಎತ್ತಿದರು. ಗೇರ್‌ಬಾಕ್ಸ್, ಕಪ್ಲಿಂಗ್, ಶಾಫ್ಟ್ ಎಲ್ಲ ಇಂಗ್ಲಿಷೇ ಆದರೆ ಅದು ಕನ್ನಡ ಪುಸ್ತಕ ಹೇಗಾದೀತು? ‘ಪ್ರಸರಣ ಪೇಟಿಕೆ’ ಎಂಬಂಥ ಪದಗಳನ್ನು ರೂಪಿಸಬಾರದೇಕೆ? ಅವರ ಕಳಕಳಿಯನ್ನು ಗೌರವಿಸಿಯೇ ನಾವು ಒಪ್ಪಲಿಲ್ಲ. ಹಾಯಿ ನಮ್ಮ ಮಣ್ಣಿನ ಪದ. ಆದರೆ ಲಂಗರು ಪಾರಸಿಯಿಂದ ಬಂದದ್ದು, ಮರಾಠಿಯಲ್ಲಿ ಅದು ನಾಂಗರ. ಚುಕ್ಕಾಣಿ ಅರಬರ ‘ಸುಕ್ಕಾನ್’, ಮರಾಠಿಯ ಸುಕಾಣೂ. ಕಡಲಿನ ಪದಗಳು ಕಡಲ ಮೇಲೆಯೇ ಬಂದಿಳಿದವು, ಬೆಸ್ತರ ಬಾಯಲ್ಲಿ ನೂರಾರು ವರ್ಷ ನೆನೆದು ಕನ್ನಡವಾದವು. ಯಾವ ಸಮಿತಿಯೂ ಅವನ್ನು ಟಂಕಿಸಲಿಲ್ಲ. ಗೇರ್‌ಬಾಕ್ಸ್ ಅವುಗಳ ಹಿಂದೆ ಸಾಲಿನಲ್ಲಿ ನಿಂತಿದೆ ಅಷ್ಟೆ. ಹೊಟ್ಟೆಪಾಡಿಗೆ ಪರವೂರಿಗೆ ಬಂದು ಅಲ್ಲಿಯ ಪಡಿತರ ಚೀಟಿ ಪಡೆದ ನಮ್ಮಂಥವರೇ ಅದಕ್ಕೆ ಪೌರತ್ವ ನಿರಾಕರಿಸುವುದು ತಮಾಷೆಯಾಗಿ ಕಂಡೀತು.

ಇನ್ನೊಂದು ಆಕ್ಷೇಪ, ಇದು ಸಾಹಿತ್ಯವೇ ಎಂಬುದು. 1865ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಕಿಪ್ಲಿಂಗ್ 1894ರಲ್ಲಿ ‘ಮೆಕ್‌ಆಂಡ್ರೂಸ್ ಹಿಮ್’ ಎಂಬ ದೀರ್ಘ ಕವನ ಪ್ರಕಟಿಸಿದ. ಮುದಿ ಸ್ಕಾಟಿಷ್ ಹಡಗು ಎಂಜಿನಿಯರನೊಬ್ಬ ರಾತ್ರಿ ಪಾಳಿಯಲ್ಲಿ ತನ್ನ ಯಂತ್ರಗಳ ನಡುವೆ ನಿಂತು ದೇವರೊಡನೆ ಆಡುವ ಮಾತು ಅದು. ಕಿಪ್ಲಿಂಗನ ಸಾಮ್ರಾಜ್ಯಪ್ರೇಮ ನಮಗೆ ಒಗ್ಗುವುದಿಲ್ಲ. ಆದರೆ ಎಂಜಿನ್ ಕೋಣೆಯಲ್ಲಿ ಆತ್ಮವೊಂದಿದೆ ಎಂದು ಅವನಿಗೆ ಕಂಡಿತ್ತು. ಅಂಥ ಹಡಗುಗಳ ತಳದಲ್ಲಿ ಕಲ್ಲಿದ್ದಲು ತಳ್ಳುತ್ತಿದ್ದ ನಮ್ಮ ಕರಾವಳಿಗಳ ಲಸ್ಕರರ ಮಾತು ಆ ಕವನದಲ್ಲಿ ಇಲ್ಲ. ಅದನ್ನು ಬರೆಯಬೇಕಾದವರು ಕಿಪ್ಲಿಂಗನಲ್ಲ.

ಜುಲೈ ಕೊನೆಯ ವಾರ ಹೊಸ ಗಾದಿ, ಹೊಸ ಸೀಲು ಕೂಡಿ ಪೆಟ್ಟಿಗೆ ತನ್ನ ಜಾಗಕ್ಕೆ ಮರಳಿತು. ಎರಡು ಫ್ಲ್ಯಾಂಜುಗಳ ನಡುವಿನ ಬಿರುಕನ್ನು ಮಾಮ ಫೀಲರ್ ಗೇಜಿನ ಉಕ್ಕಿನ ಎಲೆಗಳಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಳೆದರು. ವ್ಯಾಸದ ಒಂದೊಂದು ಇಂಚಿಗೆ ಇಂಚಿನ ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಕೂಡದೆಂಬುದು ಅವರು ಕಲಿತ ಲೆಕ್ಕ. ಐದಿಂಚಿನ ಈ ಫ್ಲ್ಯಾಂಜಿಗೆ ಅದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಬಿಚ್ಚುವ ಮುನ್ನ ಅಳೆದಾಗ ಕೆಳಗಡೆ 0.60 ಮಿಲಿಮೀಟರ್ ಬಾಯಿ ತೆರೆದಿತ್ತು. ಈಗ ನಾಲ್ಕು ಕಡೆಯೂ 0.10ರೊಳಗೆ ಬಂತು. ನಾವು ಕೈ ತೊಳೆಯಲು ಎದ್ದೆವು. ಮಾಮ ಏಳಲಿಲ್ಲ. ಕಪ್ಲಿಂಗಿನ ಬೋಲ್ಟುಗಳನ್ನು ಕೈಬಿಗಿತದಲ್ಲೇ ಬಿಟ್ಟು, ದೋಣಿ ನೀರಿಗಿಳಿದು ಎರಡು ದಿನ ಕಳೆಯಲಿ ಎಂದರು. ಎರಡು ತಿಂಗಳು ದಡದಲ್ಲಿ ಒಣಗಿದ ಮರ ನೀರು ಕುಡಿದು ಉಬ್ಬುತ್ತದೆ. ದಿಮ್ಮಿಗಳ ಮೇಲೆ ಕುಳಿತಾಗ ಇದ್ದ ಮೈ ನೀರು ಎಲ್ಲ ಕಡೆಯಿಂದ ಎತ್ತಿ ಹಿಡಿದಾಗ ಇರುವುದಿಲ್ಲ. ದಡದಲ್ಲಿ ನೆಟ್ಟಗಿದ್ದದ್ದು ನೀರಿನಲ್ಲಿ ಸೊಟ್ಟಗಾಗಬಹುದು.

ಹಾಗೆಯೇ ಆಗಿತ್ತು. ಆಗಸ್ಟಿನ ಮೊದಲ ದಿನಗಳಲ್ಲಿ, ಭರತದ ಹೊತ್ತಿಗೆ, ತೂಗುವ ದೋಣಿಯೊಳಗೆ ಟಾರ್ಚ್ ಹಿಡಿದು ಮತ್ತೆ ಅಳೆದಾಗ ಎಡಗಡೆ 0.25. ಮೊಣಕಾಲು ಮಡಿಸಲಾಗದೆ ಮಾಮ ಹಲಗೆಯ ಮೇಲೆ ಕುಳಿತೇ ಹೇಳಿದರು. ಮೊಮ್ಮಗ ಅಡ್ಡ ಮಲಗಿ ಗಾದಿಯ ನಟ್ಟನ್ನು ಕಾಲು ಸುತ್ತು, ಮತ್ತೆ ಅರೆಕಾಲು ಸುತ್ತು ತಿರುಗಿಸಿದ. ನಾಲ್ಕು ಸಲ ಅಳೆದ ಮೇಲೆ ಬೋಲ್ಟುಗಳು ಬಿಗಿದವು. ದೋಣಿಯವರು ಪೆಟ್ಟಿಗೆಯ ಅಡಿಗೆ ಒಂದು ಹಳೆಯ ಬಿಳಿ ಪಂಚೆಯ ತುಂಡು ಹಾಸಿದರು.

ಅಕ್ಟೋಬರಿನಲ್ಲಿ ಅವರು ಫೋನು ಮಾಡಿದಾಗ ಪಂಚೆಯ ಮೇಲೆ ಮೀನಿನ ಹುರುಪೆ ಬಿಟ್ಟು ಬೇರೇನೂ ಇಲ್ಲ ಎಂದು ತಿಳಿಸಿದರು. ಮಾಮ ಆ ನಾಲ್ಕು ಅಳತೆಗಳನ್ನು ದಿನಾಂಕ ಸಹಿತ ನೋಟ್‌ಬುಕ್ಕಿನಲ್ಲಿ ಬರೆದರು. ಅದರ ಕೆಳಗೆ ಮೊಮ್ಮಗ, ಎರಡು ತಿಂಗಳ ಭಾನುವಾರದ ಪಾಠದ ಬಲದ ಮೇಲೆ, ‘ಎಡ’ ಎಂದು ಬರೆದಿದ್ದಾನೆ. ‘ಡ’ದ ಹೊಟ್ಟೆ ಸ್ವಲ್ಪ ದೊಡ್ಡದಾಗಿದೆ. ಮೊದಲ ಹನ್ನೆರಡು ಪುಟಗಳ ಬೆರಳಚ್ಚು ನಮ್ಮಲ್ಲಿ ಮುಗಿದಿದೆ. ಏಳನೆಯ ಪುಟದಲ್ಲಿ ಒಂದು ಪದ ಎಣ್ಣೆಯ ಕಲೆಯಡಿ ಮುಚ್ಚಿಹೋಗಿದೆ. ಮುಂದಿನ ಭಾನುವಾರ ಮಾಮನನ್ನೇ ಕೇಳಬೇಕು.